ನೀರು ಕುಡಿಸಿದ್ದು ನಾನು, ಬೈಸಿಕೊಂಡಿದ್ದು ಬಾಣಂತಿ

ಮಾನ್ಯರೇ,

ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಜಮಖಂಡಿಗೆ ಬಂದಿದ್ದಳು. ಸಿಜೇರಿಯನ್ ಆಯಿತು. ಮೊದಲ ದಿನ ಹಾಲು ಬಂದದ್ದು ನಾಲ್ಕು ಹನಿ, ಕೂಸು ಅತ್ತಿದ್ದೇ ಅತ್ತಿದ್ದು. ಆಸ್ಪತ್ರೆಯಲ್ಲಿ ಪಕ್ಕ ಕೂತು ಕೂಸನ್ನು ಎದೆಗೆ ಹಚ್ಚುವುದು ಹೇಗೆ ಅಂತ ಯಾರೂ ತೋರಿಸಲಿಲ್ಲ, ಪುಡಿ ಹಾಲಿನ ಡಬ್ಬಿ ತರೋಕೆ ಚೀಟಿ ಮಾತ್ರ ಬರೆದುಕೊಟ್ಟರು. ನಾನೇ ಓಡಿಹೋಗಿ ತಂದೆ. ಮನೆಗೆ ಬಂದಮೇಲೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, "ಕೂಸಿನ ಬಾಯಿ ಆರತೈತಿ, ಒಂದೆರಡು ಚಮಚ ನೀರು ಹಾಕ್ರಿ" ಅಂತ ಬೀಗತಿ ಅಂದರು. ಕಾಯಿಸಿ ಆರಿಸಿದ ನೀರು ಹಾಕಿದವಳು ನಾನು. "ನಿನಗ ಹಾಲ ಸಾಲಂಗಿಲ್ಲ" ಅಂತ ಮಗಳಿಗೆ ದಿನಾ ಹೇಳಿದವಳೂ ನಾನೇ.

ಏಳನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಬೈಯಲಿಲ್ಲ. "ಅವ್ವಾ, ಮೊದಲು ನೀರು, ಡಬ್ಬಿ ಎರಡೂ ಬಂದ್ ಮಾಡ್ರಿ, ಆಮೇಲೆ ಕೂಸು ದಿನಕ್ಕ ಎಷ್ಟು ಸಲ ಉಚ್ಚಿ ಮಾಡತೈತಿ ಎಣಿಸ್ರಿ" ಅಂದಳು. ಕೂಸು ಹೆಂಗ ಹಿಡಿಯಬೇಕು, ಬಾಯಿ ಎಷ್ಟು ಅಗಲ ತೆರೆಯಬೇಕು ಅನ್ನೋದನ್ನ ಕೂತು ತೋರಿಸಿದಳು. ಎದೆಹಾಲೊಂದೇ ಕುಡಿಯುವ ಕೂಸು ಆರು ಸಲಕ್ಕಿಂತ ಜಾಸ್ತಿ ಉಚ್ಚಿ ಮಾಡಿ ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತ ಅರ್ಥವಂತೆ. ಎದೆಹಾಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ, ಎಂಥ ಬೇಸಿಗೆಯಲ್ಲೂ ಬೇರೆ ನೀರು ಬೇಡ. ನೀರು, ಪುಡಿ ಹಾಲಿನಿಂದ ಪುಟ್ಟ ಹೊಟ್ಟೆ ತುಂಬಿದರೆ ಕೂಸು ಎದೆ ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದರೆ ಹಾಲು ಕಡಿಮೆ, ಆಗ ಮತ್ತೆ ಡಬ್ಬಿ. ಹಾಲು ಸಾಲದ ಹಾಗೆ ಮಾಡಿದ್ದು ನನ್ನ ಚಮಚವೇ ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಮಾತು. ಎಮ್ಮೆ ಈದರೆ ಗಿಣ್ಣದ ಹಾಲು ಓಣಿಗೆಲ್ಲ ಹಂಚುತ್ತೇವೆ ಅಲ್ವಾ? ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ ನೆಕ್ಕಿಸುವವರು ಇನ್ನೂ ಇದ್ದಾರೆ. ರೋಗ ತಡೆಯುವ ಶಕ್ತಿ ಇರುವುದೇ ಆ ಹಾಲಿನಲ್ಲಿ. ಜೇನುತುಪ್ಪ ಒಂದು ವರ್ಷದವರೆಗೂ ಅಪಾಯ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಬ್ಯಾನರ್ ಕಟ್ಟಿ ಗರ್ಭಿಣಿಯರನ್ನು ಕೂಡಿಸಿ ಭಾಷಣ ಮಾಡುತ್ತಾರೆ. ಆದರೆ ಹಸಿ ಬಾಣಂತಿಯ ಮಾತು ಮನೆಯಲ್ಲಿ ಯಾರು ಕೇಳುತ್ತಾರೆ? ಕೂಸಿನ ಬಾಯಿಗೆ ಏನು ಹೋಗಬೇಕು ಅಂತ ನಿರ್ಧರಿಸುವವರು ನಾವು, ಅಂದರೆ ಅವ್ವ, ಅತ್ತೆ, ಅಜ್ಜಿ. ನಮ್ಮನ್ನು ಯಾರೂ ಕರೆಯಲ್ಲ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ, ಏಳೆಂಟು ತಿಂಗಳಿಗೆ, ಬಾಣಂತನ ಮಾಡುವವರನ್ನೂ ಕರೆಸಿ ಒಂದು ತಾಸು ಕೂಡಿಸಿಕೊಂಡು ಹೇಳಿ.

ಆಸ್ಪತ್ರೆಗಳಿಗೂ ಒಂದು ವಿನಂತಿ. ಪುಡಿ ಹಾಲು, ಬಾಟಲಿಗಳ ಜಾಹೀರಾತನ್ನು, ತಾಯಂದಿರಿಗೆ ಪುಕ್ಕಟೆ ಡಬ್ಬಿ ಹಂಚುವುದನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ವೈದ್ಯರು ನಿಜವಾಗಿ ಬೇಕಾದಾಗ ಬರೆಯಲಿ, ಬೇಡ ಅನ್ನಲ್ಲ. ಆದರೆ ಸಿಜೇರಿಯನ್ ಆದವಳು ತಾನಾಗಿ ಹೊರಳಲೂ ಆಗದ ಆ ಮೊದಲ ರಾತ್ರಿ, ಚೀಟಿಗಿಂತ ಮೊದಲು ಒಬ್ಬ ನರ್ಸ್ ಬಂದು ಪಕ್ಕ ಕೂಡಲಿ.

ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವರ, ರಬಕವಿ-ಬನಹಟ್ಟಿಯ ಮಗ್ಗದ ಹೆಣ್ಣುಮಕ್ಕಳ ಕಷ್ಟ ಬೇರೆಯದೇ. ಕಂಪನಿಯಲ್ಲಿ ಇರುವವರಿಗೆ 2017ರಿಂದ 26 ವಾರ ಸಂಬಳದ ರಜೆ ಇದೆ. ದಿನಗೂಲಿಯವಳಿಗೆ ಅದೆಲ್ಲಿದೆ? ಅವಳಿಗೆ ಆರು ತಿಂಗಳು ಬರೀ ಎದೆಹಾಲು ಕೊಡು ಅಂತ ಸುಮ್ನೆ ಹೇಳಿದರೆ ಆಗುತ್ತಾ? ಕೆಲಸದ ಜಾಗದ ಹತ್ತಿರ ಕೂಸಿನ ಮನೆ, ಅಂದರೆ ತಾಯಿ ದುಡಿಯುವಾಗ ಕೂಸನ್ನು ನೋಡಿಕೊಳ್ಳುವ ಜಾಗ, ಬೇಕು.

ನಮ್ಮ ಕೂಸು ಆಮೇಲೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಕುಡಿಯಲಿಲ್ಲ. ಮುಂದಿನ ತಿಂಗಳು ನನ್ನ ತಂಗಿಯ ಮಗಳ ಹೆರಿಗೆ ಇದೆ. ರಾತ್ರಿ ಆಸ್ಪತ್ರೆಯಲ್ಲಿ ನಾನೇ ಇರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ.

— ಒಬ್ಬ ಅಜ್ಜಿ, ಜಮಖಂಡಿ, ಬಾಗಲಕೋಟೆ ಜಿಲ್ಲೆ