ಗೆಳೆಯನಿಗೊಂದು ಪತ್ರ: ಈ ಸಲ ಆಲ್ಪ್ಸ್ ಬಿಡು, ಆರ್ದೇಶ್‌ಗೆ ಬಾ

ಪ್ರೀತಿಯ ಮಂಜು,

ಫ್ರಾನ್ಸಿನಲ್ಲಿ ಸೈಕಲ್ ಮೇಲೆ ಹತ್ತಬೇಕೆಂದು ನೀನು ಕಳಿಸಿದ ಘಾಟಿಗಳ ಪಟ್ಟಿ ನೋಡಿದೆ. ಆಲ್ಪ್ ದ್ಯುಯೆಜ್, ಗಾಲಿಬಿಯೇ, ಮೋಂ ವಾಂತೂ, ಹೀಗೆ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡುತ್ತಾ ನಾವು ಬಾಯಿಪಾಠ ಮಾಡಿಕೊಂಡ ಹೆಸರುಗಳೆಲ್ಲ ಅದರಲ್ಲಿವೆ. ಒಂದೇ ವಾರದಲ್ಲಿ ಎಲ್ಲವನ್ನೂ ಹತ್ತಿಬಿಡಬೇಕು ಎನ್ನುವ ನಿನ್ನ ಹುಮ್ಮಸ್ಸು ನನಗೆ ಅರ್ಥವಾಗುತ್ತದೆ. ಆದರೂ ಗೆಳೆಯನಾಗಿ ಒಂದು ಮಾತು ಹೇಳಲೇಬೇಕು. ಆ ಪಟ್ಟಿಯನ್ನು ಇನ್ನೊಂದು ವರ್ಷಕ್ಕೆ ಎತ್ತಿಡು. ಈ ಸಲ ನನ್ನ ಜೊತೆ ದಕ್ಷಿಣ ಫ್ರಾನ್ಸಿನ ಆರ್ದೇಶ್ ಜಿಲ್ಲೆಯ ಹಳ್ಳಿ ದಾರಿಗಳಿಗೆ ಬಾ.

ಆಲ್ಪ್ ದ್ಯುಯೆಜ್ ಕಡಿಮೆ ಏನಲ್ಲ. 13.8 ಕಿ.ಮೀ. ಉದ್ದ, 21 ತಿರುವು, ಸರಾಸರಿ ಶೇ. 8ರ ಏರು. ಕಾಲಿಗೆ ಅದೊಂದು ದೊಡ್ಡ ಪರೀಕ್ಷೆಯೇ. ಆದರೆ ಮೇಲೆ ಮುಟ್ಟಿದಾಗ ಸಿಗುವುದು ಸ್ಕೀಯಿಂಗ್‌ಗೆಂದು ಕಟ್ಟಿದ ಹೋಟೆಲ್‌ಗಳ ಊರು. ಬಹಳ ಜನ ಫೋಟೊ ಹೊಡೆಸಿಕೊಂಡು, ಹತ್ತಿದ ದಾರಿಯಲ್ಲೇ ಕಾರು, ಮೋಟರ್‌ಬೈಕ್‌ಗಳ ನಡುವೆ ಇಳಿದು ಬರುತ್ತಾರೆ. ನಂದಿಬೆಟ್ಟವನ್ನು ನೀನು ಭಾನುವಾರ ಭಾನುವಾರ ಹೀಗೇ ಹತ್ತಿ ಇಳಿಯುತ್ತೀಯಲ್ಲ. ಇಷ್ಟು ದೂರ ಬಂದು ಅದನ್ನೇ ಯಾಕೆ ಮಾಡಬೇಕು? ಇಲ್ಲಿನ ಸೈಕಲ್ ಸವಾರಿಯ ನಿಜವಾದ ಸುಖ ಒಂದು ನದಿಯಿಂದ ಹೊರಟು, ಬೆಟ್ಟ ದಾಟಿ, ಇನ್ನೊಂದು ನದಿಗೆ ಇಳಿಯುವುದರಲ್ಲಿದೆ. ಅದಕ್ಕೆ ಆರ್ದೇಶ್‌ಗಿಂತ ಒಳ್ಳೆಯ ಸೀಮೆ ನನಗೆ ಗೊತ್ತಿಲ್ಲ.

ನನ್ನ ಮನಸ್ಸಿನಲ್ಲಿರುವ ದಾರಿ ಹೀಗಿದೆ. ಲಿಯೋಂನಿಂದ ಲೋಕಲ್ ರೈಲಿನಲ್ಲಿ ತಾಂ-ಲೆರ್ಮಿತಾಜ್‌ಗೆ ಬರುವುದು. ಅಲ್ಲಿ ದ್ರಾಕ್ಷಿತೋಟದ ಗುಡ್ಡ ಊರಿನ ಬೆನ್ನಿಗೇ ನಿಂತಿದೆ, ಎದುರಿಗೆ ರೋನ್ ನದಿ. ತೂಗುಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ದಾಟಿದರೆ ತೂರ್ನೋಂ. ಅಲ್ಲಿಂದ ದೂ ನದಿಯ ಕಣಿವೆ ಹಿಡಿದು ಲಮಾಸ್ತ್ರ್, ಮುಂದೆ ಸ್ಯಾಂತ್-ಆಗ್ರೇವ್. ಲಮಾಸ್ತ್ರ್ ಇರುವುದು 400 ಮೀಟರಿಗೂ ಕೆಳಗೆ, ಸ್ಯಾಂತ್-ಆಗ್ರೇವ್ ಸಾವಿರ ಮೀಟರ್ ಮೇಲೆ. ನಡುವಿನ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಏರು ಎಲ್ಲೂ ಉಸಿರು ಕಟ್ಟಿಸುವುದಿಲ್ಲ. ಒಂದೇ ಗೇರ್ ಹಾಕಿಕೊಂಡು, ಒಂದೇ ಲಯದಲ್ಲಿ, ಪಕ್ಕದವನ ಜೊತೆ ಮಾತಾಡುತ್ತಾ ಹತ್ತಬಹುದು. ನಾವಿಬ್ಬರೂ ಮಾತಾಡಬೇಕಾದದ್ದು ಎಷ್ಟು ಬಾಕಿ ಇದೆ ಹೇಳು!

ಈ ಏರಿನಲ್ಲಿ ಎರಡೂ ಕಡೆ ಚೆಸ್ಟ್‌ನಟ್ ತೋಪುಗಳು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಗುಡ್ಡದ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತವೆ. ಒಮ್ಮೆ ಸೈಕಲ್ ನಿಲ್ಲಿಸಿ ಆ ಗೋಡೆಯನ್ನು ಹತ್ತಿರದಿಂದ ನೋಡು. ದಪ್ಪ ಕಲ್ಲುಗಳ ಸಂದಿಗೆ ಬೆರಳಗಲದ ಚಕ್ಕೆಗಳನ್ನು ಬಡಿದು ಬಿಗಿ ಮಾಡಿದ್ದಾರೆ, ನೀರು ಬಸಿಯಲು ಸಂದಿ ಬಿಟ್ಟಿದ್ದಾರೆ, ಮೇಲಿನ ಹಂತದ ನೆಲಕ್ಕೆ ಹತ್ತಲು ಗೋಡೆಯಿಂದಲೇ ಚಾಚಿದ ಕಲ್ಲಿನ ಮೆಟ್ಟಿಲಿಟ್ಟಿದ್ದಾರೆ. ಮಣ್ಣಿಲ್ಲದ ಕಡಿದಾದ ಗುಡ್ಡದಲ್ಲಿ ಬದುಕಲು ಜನ ಪಟ್ಟ ಪಾಡು ಅಲ್ಲಿ ಕಣ್ಣಿಗೆ ಕಾಣುತ್ತದೆ. ಎಷ್ಟೋ ತಲೆಮಾರು ಈ ಜನ ಚೆಸ್ಟ್‌ನಟ್ ಹಿಟ್ಟನ್ನೇ ತಿಂದು ಚಳಿಗಾಲ ಕಳೆದರು. ಇವತ್ತು ಅದೇ ಕಾಯಿಯ ಸಿಹಿ ಲೇಹ್ಯ ಟ್ಯೂಬ್‌ನಲ್ಲಿ ಸಿಗುತ್ತದೆ. ಜೇಬಿಗೆ ಹಾಕಿಕೊಂಡರೆ ಎನರ್ಜಿ ಜೆಲ್‌ನ ಹಂಗೇ ಬೇಡ.

ಸ್ಯಾಂತ್-ಆಗ್ರೇವ್‌ನಲ್ಲಿ ರಾತ್ರಿ ಉಳಿಯೋಣ. ಅಲ್ಲಿಂದ ಸ್ವಲ್ಪ ದೂರಕ್ಕೆ ಲೆ ಶಾಂಬೋಂ-ಸುರ್-ಲಿನ್ಯೋಂ ಎಂಬ ಊರಿದೆ. ನಮ್ಮ ದಾರಿಗೆ ಅದು ಸುತ್ತು, ಆದರೂ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿಯೇ ಹೋಗುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪಾದ್ರಿ ಆಂದ್ರೆ ತ್ರೋಕ್ಮೆ ಮತ್ತು ಸುತ್ತಲಿನ ರೈತರು ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದಿಗಳನ್ನು, ಅದರಲ್ಲೂ ಮಕ್ಕಳನ್ನು, ತಮ್ಮ ಮನೆ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟು ಕಾಪಾಡಿದರು. 1990ರಲ್ಲಿ ಯೆಹೂದಿ ನರಮೇಧದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಇಡೀ ಊರನ್ನೇ ಗೌರವಿಸಿತು. 2013ರಲ್ಲಿ ಅಲ್ಲೊಂದು ಸ್ಮಾರಕ ಮ್ಯೂಸಿಯಂ ಶುರುವಾಗಿದೆ. ಪುಸ್ತಕದಲ್ಲಿ ಓದುವುದೇ ಬೇರೆ. ಸೈಕಲ್ ಮೇಲೆ ಆ ಒಂಟಿ ಮನೆಗಳನ್ನು ಒಂದೊಂದಾಗಿ ದಾಟುವಾಗ, ಒಂದು ಮನೆಯಿಂದ ಇನ್ನೊಂದಕ್ಕೆ ಎಷ್ಟು ದೂರ, ಕಾಡು ಎಷ್ಟು ಹತ್ತಿರ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಇಂಥ ಕಡೆ ಜನರನ್ನು ಬಚ್ಚಿಡಲು ಹೇಗೆ ಸಾಧ್ಯವಾಯಿತು ಎಂಬುದು ನನಗೆ ತಿಳಿದದ್ದು ಹಾಗೆ.

ಮಾರನೆಯ ದಿನ ಎತ್ತರದ ಬಯಲು. ಫೇ-ಸುರ್-ಲಿನ್ಯೋಂ, ಲೆಜ್ ಎಸ್ತಾಬ್ಲ್ ದಾಟಿ, 1,753 ಮೀಟರ್ ಎತ್ತರದ ಮೆಜಾಂಕ್ ಬೆಟ್ಟದ ಮಗ್ಗುಲಲ್ಲಿ ಹಾಯುವ ಘಾಟಿ ಏರಿದರೆ ಪೂರ್ವಕ್ಕೆ ನೆಲ ಕುಸಿದಂತೆ ಕಣಿವೆಗಳು ತೆರೆದುಕೊಳ್ಳುತ್ತವೆ. ಆಕಾಶ ತಿಳಿಯಾಗಿದ್ದರೆ ನಿನ್ನ ಆಲ್ಪ್ಸ್ ಸಾಲು ಇಲ್ಲಿಂದಲೇ ಕಾಣುತ್ತದೆ! ಇದೆಲ್ಲ ಹಳೆಯ ಜ್ವಾಲಾಮುಖಿ ಸೀಮೆ. ಮುಂದೆ ಸಿಗುವ ಜೆರ್ಬಿಯೇ ದ ಜೋಂ ಎಂಬ 1,551 ಮೀಟರಿನ ಬೋಳು ಗುಡ್ಡದ ಬುಡದಲ್ಲಿ ಲ್ವಾರ್ ನದಿ ಹುಟ್ಟುತ್ತದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಅಟ್ಲಾಂಟಿಕ್ ಸೇರುವ ನದಿ ಅದು. ಇಲ್ಲಿ ಮೂರು ಊಟೆಗಳಿದ್ದು, ಮೂರಕ್ಕೂ ಲ್ವಾರ್ ಮೂಲವೆಂಬ ಫಲಕವಿದೆ. ಅಲ್ಲೇ ಸ್ವಲ್ಪ ಪಕ್ಕದ ಇಳಿಜಾರಿಗೆ ಬಿದ್ದ ಮಳೆ ಮಾತ್ರ ರೋನ್ ಸೇರಿ ಮೆಡಿಟರೇನಿಯನ್‌ಗೆ ಹೋಗುತ್ತದೆ.

ಆಮೇಲಿನದು ಇಳಿಜಾರು. ಲಾಶಾಂ-ರಫಾಯೆಲ್, ಮೆಜಿಲಾಕ್, ಅಲ್ಲಿಂದ ವೊಲಾನ್ ಹೊಳೆಯ ಪಕ್ಕದಲ್ಲೇ ಆಂತ್ರೇಗ್, ಕೊನೆಗೆ ವಾಲ್ಸ್-ಲೆ-ಬ್ಯಾಂ. ಮೆಜಿಲಾಕ್‌ನಿಂದ ಲೆಕ್ಕ ಹಾಕಿದರೂ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ಇಳಿತ. ಮೇಲೆ ಜಾಕೆಟ್ ಹಾಕಿಕೊಂಡು ಹೊರಟವರು ಕೆಳಗೆ ಬರುವಷ್ಟರಲ್ಲಿ ಬೆವರುತ್ತಾರೆ, ಹುಲ್ಲುಗಾವಲು ಹೋಗಿ ಚೆಸ್ಟ್‌ನಟ್ ಮತ್ತೆ ಶುರುವಾಗುತ್ತದೆ. ಕೆಳಗಿನ ಭಾಗದಲ್ಲಿ ಹೊಳೆ ದಂಡೆಗೆ ಬಸಾಲ್ಟ್ ಕಂಬಗಳು ಸಾಲಾಗಿ ನಿಂತಿವೆ. ಲಾವಾ ತಣಿದಾಗ ಬಿರುಕು ಬಿಟ್ಟು ಆದ ಕಂಬಗಳು ಅವು, ನಮ್ಮ ಉಡುಪಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇರುವಂಥವೇ. ವಾಲ್ಸ್ ಖನಿಜ ನೀರಿನ ಊರು. ಅಲ್ಲಿನ ಪಾರ್ಕಿನಲ್ಲಿ ಆರು ಗಂಟೆಗೊಮ್ಮೆ ತಾನಾಗಿ ಚಿಮ್ಮುವ ಬುಗ್ಗೆಯೊಂದಿದೆ, ಹೊತ್ತು ಕೂಡಿಬಂದರೆ ನೋಡೋಣ.

ಕೊನೆಯ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಫೋಟೊ ಎಲ್ಲೆಡೆ ಇವೆ. ಓಬ್ನಾ, ವೋಗುಯೇ, ಆಮೇಲೆ ಆರ್ದೇಶ್ ನದಿ ಕೊರೆದ ಪೋಂ ದಾರ್ಕ್ ಎಂಬ ಕಲ್ಲಿನ ಕಮಾನು, ಅಲ್ಲಿಂದ ಕಂದರದ ಅಂಚಿನ ದಾರಿ. ಆದಿಮಾನವರು ಬರೆದ ಚಿತ್ರಗಳಿರುವ, 1994ರಲ್ಲಿ ಸಿಕ್ಕ ಶೋವೆ ಗುಹೆ ಇಲ್ಲೇ ಇದೆ. ಅದರೊಳಗೆ ಜನರನ್ನು ಬಿಡುವುದಿಲ್ಲ, 2015ರಲ್ಲಿ ತೆರೆದ ಪ್ರತಿಕೃತಿಯನ್ನು ನೋಡಬಹುದು. ಬೇಸಿಗೆಯಲ್ಲಿ ಈ ರಸ್ತೆಗೆ ಕಾರುಗಳ ಜಾತ್ರೆ ಬರುವುದರಿಂದ ಬೆಳಗ್ಗೆ ಏಳಕ್ಕೆಲ್ಲ ಪೆಡಲ್ ಮೇಲಿರಬೇಕು. ಸ್ಯಾಂ-ಮಾರ್ತ್ಯಾಂಗೆ ಇಳಿದು, ರೋನ್ ದಾಟಿ, ಬೊಲೆನ್‌ನಲ್ಲಿ ರೈಲು ಹತ್ತಿದರಾಯಿತು. ಉತ್ತರದಿಂದ ದಕ್ಷಿಣಕ್ಕೇ ಹೋಗೋಣ ಎನ್ನುವುದಕ್ಕೆ ಕಾರಣವಿದೆ. ರೋನ್ ಕಣಿವೆಯಲ್ಲಿ ಮಿಸ್ತ್ರಾಲ್ ಗಾಳಿ ಉತ್ತರದಿಂದ ಬೀಸುತ್ತದೆ. ಅದು ಎದುರಾದರೆ ಸಮತಟ್ಟು ರಸ್ತೆಯೂ ಘಾಟಿಯೇ.

ಇನ್ನು ತಯಾರಿ. ಮುಂದೆ 34, ಹಿಂದೆ 32 ಹಲ್ಲಿನ ಗೇರ್ ಇರಲಿ, ಟಯರ್ 28 ಮಿ.ಮೀ.ಗಿಂತ ಸಣ್ಣದು ಬೇಡ. ಬೇಸಿಗೆಯಲ್ಲಿ ಇಲ್ಲಿನ ಹಳ್ಳಿ ರಸ್ತೆಗೆ ಡಾಂಬರು ಬಳಿದು ಸಡಿಲ ಜಲ್ಲಿ ಹರಡುತ್ತಾರೆ. ‘ಗ್ರಾವಿಯೋಂ’ ಅಂತ ಬೋರ್ಡ್ ಕಂಡರೆ ತಿರುವಿಗೆ ಮೊದಲೇ ವೇಗ ಇಳಿಸು. ಕಾಗದದ ಮಿಶ್ಲಾಂ ನಕ್ಷೆ ನಾನೇ ತರುತ್ತೇನೆ. ಅದರಲ್ಲಿ ಹಸಿರು ಅಂಚಿನ ರಸ್ತೆ ಎಂದರೆ ನೋಟ ಚೆಂದ, ಬಾಣದ ಗುರುತು ಎಂದರೆ ಕಡಿದು. ಒಂದು ಬಾಣ ಶೇ. 5ರಿಂದ, ಎರಡು ಶೇ. 9ರಿಂದ, ಮೂರು ಕಂಡರೆ ಶೇ. 13ರ ಮೇಲೆ. ಬೇಕರಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಎಷ್ಟೋ ಊರಲ್ಲಿ ಸೋಮವಾರ ತೆರೆಯುವುದೇ ಇಲ್ಲ. ಹಾಗಾಗಿ ಬೆಳಗ್ಗೆಯೇ ಬ್ರೆಡ್ಡು, ಪಿಕೊದೋಂ ಎಂಬ ಮೇಕೆ ಹಾಲಿನ ಚೀಸ್ ಕಟ್ಟಿಸಿಕೊಳ್ಳಬೇಕು. ನೀರು ಖಾಲಿಯಾದರೆ ಊರ ಸ್ಮಶಾನ ಹುಡುಕು. ಗೋರಿಯ ಹೂಗಿಡಗಳಿಗೆಂದು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡ. ಅಂಗಡಿಗೆ ಕಾಲಿಟ್ಟ ಕೂಡಲೇ, ಏನನ್ನೂ ಕೇಳುವ ಮೊದಲು, ‘ಬೋಂಜೂರ್’ ಹೇಳು. ಇಲ್ಲಿ ಅದು ಬಿಟ್ಟರೆ ಅವಮಾನ ಮಾಡಿದಂತೆ.

ಪಕ್ಕದ ಸ್ಯಾಂತ್-ಎತಿಯೆನ್‌ನಲ್ಲಿ ಹಿಂದೆ ಪೋಲ್ ದ ವಿವಿ ಎಂಬುವರಿದ್ದರು, ವೆಲೋಸಿಯೋ ಎಂಬ ಹೆಸರಿನಲ್ಲಿ ಸೈಕಲ್ ಬಗ್ಗೆ ಬರೆಯುತ್ತಿದ್ದರು. ಆ ಹೆಸರೆಂದರೆ ಇಲ್ಲಿನ ಸವಾರರಿಗೆ ಈಗಲೂ ಗೌರವ. ಟೂರ್ ದ ಫ್ರಾನ್ಸ್ 1937ರವರೆಗೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರ್‌ಗೆ ಅವಕಾಶ ಕೊಟ್ಟಿರಲಿಲ್ಲ. ಅದಕ್ಕೂ ಎಷ್ಟೋ ಮೊದಲೇ ಇವರು ಬೆಟ್ಟಕ್ಕೆ ಗೇರ್ ಬದಲಿಸುವ ಸೈಕಲ್ಲೇ ಬೇಕೆಂದು ಬರೆದು, ಓಡಿಸಿ ತೋರಿಸಿದರು. ಹಸಿಯುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ ಎಂದವರೂ ಅವರೇ. ನೀನು ತಿನ್ನದೆ ಓಡಿಸುವವನು, ಅದಕ್ಕೇ ಹೇಳುತ್ತಿದ್ದೇನೆ.

ಜೂನ್ ಒಳ್ಳೆಯ ತಿಂಗಳು. ಬಯಲಿನಲ್ಲಿ ಹೂವಿರುತ್ತದೆ, ಕಣಿವೆಯಲ್ಲಿ ಇನ್ನೂ ಸುಡುಬಿಸಿಲಿರುವುದಿಲ್ಲ. ಆಗಲೇ ಸ್ಯಾಂ-ಫೆಲಿಸಿಯಾಂ ಊರಿನಿಂದ ಆರ್ದೇಶ್ವಾಜ್ ಎಂಬ ಸಾಮೂಹಿಕ ಸೈಕಲ್ ಸವಾರಿಯೂ ಹೊರಡುತ್ತದೆ. 1992ರಿಂದ ನಡೆದು ಬಂದದ್ದು. ಹಳ್ಳಿ ಹಳ್ಳಿಯೂ ಹಳದಿ ನೇರಳೆ ಬಣ್ಣದಲ್ಲಿ ಸಿಂಗರಿಸಿಕೊಂಡು ಸವಾರರಿಗೆ ತಿಂಡಿ ಕೊಡುತ್ತದೆ. ಅದರಲ್ಲಿ ಭಾಗವಹಿಸುವ ಮನಸ್ಸಿದ್ದರೆ ಈಗಲೇ ಹೇಳು, ಹೆಸರು ನೋಂದಾಯಿಸಬೇಕು. ರಜೆ ಯಾವಾಗ ಸಿಗುತ್ತದೆ ಎಂದು ತಿಳಿದ ಕೂಡಲೇ ಬರೆ, ಸ್ಯಾಂತ್-ಆಗ್ರೇವ್‌ನಲ್ಲಿ ರೂಮು ಹಿಡಿದಿಡುತ್ತೇನೆ. ನಿನ್ನ ಪೆಡಲ್ ಬಿಚ್ಚಿ ತಾ, ಸೈಕಲ್ ಇಲ್ಲೇ ಬಾಡಿಗೆಗೆ ತೆಗೆದುಕೊಳ್ಳೋಣ.

ನಿನ್ನ,
ಪ್ರಸನ್ನ