ಹೊಸ ಶಸ್ತ್ರಚಿಕಿತ್ಸೆಗೂ ಪುರಾವೆ ಬೇಕು

ಮಾನ್ಯ ಸಂಪಾದಕರೇ,

ಕರುಳಿನ ಕ್ಯಾನ್ಸರ್‌ ಶಸ್ತ್ರಚಿಕಿತ್ಸೆಯಾದ ಮೇಲೆ ಅಪ್ಪನ ಹೊಟ್ಟೆಗೆ ಅಂಟಿಸಿದ್ದ ಮಲದ ಚೀಲವನ್ನು ಎಂಟು ತಿಂಗಳು ನಾನೇ ಬದಲಿಸಿದ್ದೇನೆ. ಸುತ್ತಲಿನ ಚರ್ಮ ಕೆಂಪಾಗಿ ಉರಿಯುತ್ತಿದ್ದರೂ ಅವರು ತುಟಿ ಬಿಚ್ಚುತ್ತಿರಲಿಲ್ಲ. ಹೊಸ ವಿಧಾನ ಬಂತೆಂದರೆ ಆಸೆ ಹುಟ್ಟುವುದು ಸಹಜವೇ. ಆದರೆ ಹೊಸ ಔಷಧಕ್ಕೆ ಕೇಳುವಷ್ಟು ಪುರಾವೆಯನ್ನು ಹೊಸ ಶಸ್ತ್ರಚಿಕಿತ್ಸೆಗೆ ಯಾರೂ ಕೇಳುವುದಿಲ್ಲ.

ಗುದನಾಳದ ಕ್ಯಾನ್ಸರ್‌ಗೆ ರೋಬೋಟ್ ಬಳಕೆಯನ್ನು 10 ದೇಶಗಳ 471 ರೋಗಿಗಳಲ್ಲಿ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡುವ ಮಾಮೂಲಿ ಲ್ಯಾಪರೊಸ್ಕೋಪಿಯೊಂದಿಗೆ ಹೋಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಡುವೆಯೇ ಹೊಟ್ಟೆ ತೆರೆಯಬೇಕಾದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗುದದ್ವಾರದ ಮೂಲಕ ಮಾಡುವ ಇನ್ನೊಂದು ವಿಧಾನವನ್ನು ನಾರ್ವೆ ನಿಲ್ಲಿಸಿತು. ಗಡ್ಡೆ ಮರಳುವುದು ಹೆಚ್ಚಾಗಿತ್ತು. ಲೆಕ್ಕ ಇಟ್ಟಿದ್ದರಿಂದಲೇ ಇದೆಲ್ಲ ಗೊತ್ತಾಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನ, ಆ ವಿಧಾನದಲ್ಲಿ ತಾವು ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೇವೆಂದು ವೈದ್ಯರು ರೋಗಿಗೆ ಹೇಳಲಿ.

— ಒಬ್ಬ ಓದುಗ