ಹರಾಜಿಗೆ ಬಂದ ಬೆತ್ತಕ್ಕೂ ಒಂದು ಊರಿರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ಪೀಠೋಪಕರಣಗಳ ಹರಾಜಿನ ಬಗ್ಗೆ ಬಂದ ಲೇಖನ ಓದಿದೆ. ಅಜ್ಜನ ಕಾಲದ ಕುರ್ಚಿಗೆ ಈಗ ಎಂಥ ಬೆಲೆ ಎಂಬ ಮಾತು ಅದರಲ್ಲಿ ಬೇಕಾದಷ್ಟಿತ್ತು. ಆ ಕುರ್ಚಿ ಯಾವ ಊರಿಂದ ಬಂತು, ಮರ ಯಾವುದು, ಅದರಲ್ಲಿ ಹಳೆಯದೆಷ್ಟು, ಹೊಸದಾಗಿ ಸೇರಿಸಿದ್ದೆಷ್ಟು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಬರೆದವರನ್ನು ದೂರಿ ಫಲವಿಲ್ಲ, ಹರಾಜು ಹಾಕುವವರೇ ಅದನ್ನು ಹೇಳುವುದಿಲ್ಲ. ನನ್ನ ತಕರಾರು ಅವರ ಮೇಲೆ.

ನಾನು ಸಾಗರದವನು. ಐಟಿಐ ಹುಡುಗರಿಗೆ ಮರಗೆಲಸ ಕಲಿಸಿ ನಿವೃತ್ತನಾದೆ. ಹಳೇ ಊರುಗೋಲು, ಬೆತ್ತ ಕೂಡಿಹಾಕುವ ಹುಚ್ಚು ನೌಕರಿಯಲ್ಲಿದ್ದಾಗಲೇ ಹಿಡಿದದ್ದು. ‘ಮೇಷ್ಟ್ರೇ, ಇರೋದು ಎರಡು ಕಾಲು, ಇಷ್ಟೊಂದು ಕೋಲು ಯಾಕೆ?’ ಎಂದು ಬೀದಿಯವರು ಕೇಳುತ್ತಲೇ ಇರುತ್ತಾರೆ. ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಈಚೆಗೆ ಬೆಂಗಳೂರಿನ ಒಂದು ಹರಾಜು ಮಳಿಗೆಗೆ ಹೋಗಿದ್ದೆ. ಹೆಸರು ಬೇಡ. ಸವಾಲು ಕೂಗುವ ಹಿಂದಿನ ದಿನ ಮಾಲು ನೋಡಲು ಬಿಡುತ್ತಾರೆ. ಒಂದು ಮೂಲೆಯಲ್ಲಿ ಕೊಡೆಗಳ ಜೊತೆ ನಿಲ್ಲಿಸಿದ್ದ ಬೆತ್ತಕ್ಕೆ ‘ರಾಜಮನೆತನದ್ದು, ದಂತದ ಹಿಡಿ’ ಎಂದು ಚೀಟಿ ಅಂಟಿಸಿದ್ದರು. ಜೇಬಿನ ಭೂತಗನ್ನಡಿ ತೆಗೆದು ಹಿಡಿಯ ತುದಿ ನೋಡಿದೆ. ಆನೆದಂತವಾದರೆ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯ್ದು ಹೋಗುವ ಬಾಗಿದ ಸಣ್ಣ ಗೆರೆಗಳು ಕಾಣಬೇಕು. ಅಲ್ಲಿ ಕಂಡದ್ದು ಸೂಜಿಮೊನೆಯಷ್ಟರ ಕಪ್ಪು ಚುಕ್ಕೆಗಳು, ಅಂದರೆ ಮೂಳೆ. ಬುಡದ ಹಿತ್ತಾಳೆ ಅಣಸು, ಅಂದರೆ ನೆಲಕ್ಕೆ ಊರುವ ತುದಿಗೆ ತೊಡಿಸಿದ ಲೋಹದ ಕವಚ, ಮಿರಮಿರ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಕೈಯಲ್ಲಿ ಹಿಡಿದು ನಡೆದಾಡಿದ ಬೆತ್ತದ ಅಣಸು ಒಂದು ಪಕ್ಕಕ್ಕೆ ಓರೆಯಾಗಿ ಸವೆದಿರುತ್ತದೆ, ಏಕೆಂದರೆ ಕೋಲನ್ನು ಯಾರೂ ನೆಟ್ಟಗೆ ಊರುವುದಿಲ್ಲ. ಯಜಮಾನ ಬಲಗೈಯವನೋ ಎಡಗೈಯವನೋ ಎಂಬುದನ್ನೂ ಎಷ್ಟೋ ಸಲ ಆ ಸವೆತದಿಂದಲೇ ಊಹಿಸಬಹುದು.

ಮಳಿಗೆಯವರನ್ನು ಕೇಳಿದೆ: ‘ಸ್ವಾಮಿ, ಇದು ಯಾವ ರಾಜಮನೆತನ?’ ‘ಮೈಸೂರು ಕಡೆಯದು ಸಾರ್, ಪಾರ್ಟಿ ಹೆಸರು ಹೇಳೋ ಹಾಗಿಲ್ಲ’ ಎಂದರು. ‘ನಿಜವಾಗಿ ದಂತವೇ?’ ‘ಗ್ಯಾರಂಟಿ ಸಾರ್.’ ಆ ಗ್ಯಾರಂಟಿಯ ಚೆಂದ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ತಂದು ನಮ್ಮ ದೇಶದ ಆನೆದಂತದ ವ್ಯಾಪಾರ ನಿಲ್ಲಿಸಿದರು. 1991ರ ತಿದ್ದುಪಡಿ ಆಫ್ರಿಕಾದಿಂದ ತಂದ ದಂತಕ್ಕೂ ಬಾಗಿಲು ಹಾಕಿತು. ಹಾಗಾಗಿ ಆ ಚೀಟಿ ನಿಜವಾದರೆ ಅದು ಅಪರಾಧ, ಸುಳ್ಳಾದರೆ ಮೋಸ. ಎರಡರಲ್ಲಿ ಯಾವುದನ್ನು ಗ್ಯಾರಂಟಿ ಕೊಡುತ್ತಿದ್ದೀರಿ ಎಂದೆ. ಅವರು ಇನ್ನೊಬ್ಬ ಗಿರಾಕಿಯ ಕಡೆ ನಡೆದರು. ಮಾರನೇ ದಿನ ಆ ಬೆತ್ತವನ್ನು ಒಬ್ಬ ತರುಣ ಖುಷಿಯಿಂದ ಕೊಂಡ. 2023ರಲ್ಲಿ ಹುಲಿಯುಗುರಿನ ಪೆಂಡೆಂಟಿನ ಗಲಾಟೆಯನ್ನು ಟಿ.ವಿ.ಯಲ್ಲಿ ನಾವೆಲ್ಲ ನೋಡಿದ್ದೇವೆ. ಆ ಹುಡುಗನ ಮನೆಗೆ ನಾಳೆ ಅರಣ್ಯ ಇಲಾಖೆಯವರು ಬಂದರೆ, ‘ಇದು ಮೂಳೆ’ ಎಂದು ತೋರಿಸಲು ಅವನ ಹತ್ತಿರ ಯಾವ ಕಾಗದವಿದೆ? ಇರುವ ಒಂದೇ ಚೀಟಿ ದಂತ ಎನ್ನುತ್ತದೆ!

ಇಂಗ್ಲೆಂಡಿನಲ್ಲಿ ಮಾಡಿದ ಬೆತ್ತಗಳಿಗೆ ಈ ತೊಂದರೆ ಕಡಿಮೆ. ಕಾಫಿ ತೋಟಗಳ ದೊರೆಗಳು ಬಿಟ್ಟುಹೋದ ಬೆತ್ತಗಳು ಚಿಕ್ಕಮಗಳೂರು, ಮಡಿಕೇರಿ ಕಡೆ ಈಗಲೂ ಸಿಗುತ್ತವೆ. ಕತ್ತಿನ ಬೆಳ್ಳಿ ಪಟ್ಟಿಯನ್ನು ಸ್ವಲ್ಪ ಉಜ್ಜಿದರೆ ಸಾಲಾಗಿ ಪುಟ್ಟ ಮುದ್ರೆಗಳು ಕಾಣುತ್ತವೆ. ನಡೆಯುವ ಸಿಂಹವಿದ್ದರೆ ಸ್ಟರ್ಲಿಂಗ್, ಅಂದರೆ ನಿಗದಿತ ಶುದ್ಧತೆಯ ಬೆಳ್ಳಿ, ಲಂಗರಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, ಚಿರತೆಯ ಮುಖವಿದ್ದರೆ ಲಂಡನ್ನಿನಲ್ಲಿ. ಪಕ್ಕದ ಒಂದಕ್ಷರ ವರ್ಷ ಹೇಳುತ್ತದೆ, ಇನ್ನೆರಡು ಅಕ್ಷರ ಮಾಡಿದವನ ಅಥವಾ ಮಾಡಿಸಿದವನ ಗುರುತು. ಜನ್ಮಕುಂಡಲಿ ಕೊರಳಲ್ಲೇ ಇದ್ದ ಹಾಗೆ.

ನಮ್ಮ ಕಡೆಯ ಕೆಲಸಗಾರರು ಹೆಸರು ಕೆತ್ತಿದವರಲ್ಲ. ಸಾಗರ, ಸೊರಬ, ಶಿರಸಿಯ ಗುಡಿಗಾರರ ಕೆತ್ತನೆ ಗಂಧದ ಪೆಟ್ಟಿಗೆಗಳಾಗಿ ಹೊರದೇಶದ ವಸ್ತುಸಂಗ್ರಹಾಲಯಗಳವರೆಗೂ ಹೋಗಿದೆ. ಬಳ್ಳಿ, ಹೂವು, ಸಿಂಹದ ಮುಖ ಒತ್ತೊತ್ತಾಗಿ ತುಂಬಿದ ಆ ಕೈಯನ್ನು ದೂರದಿಂದಲೇ ಗುರುತಿಸಬಹುದು. ಆದರೆ ಯಾವ ಮನೆಯ ಯಾವ ಗುಡಿಗಾರ ಎಂದು ಹೇಳಲು ಪೆಟ್ಟಿಗೆಯಲ್ಲಿ ಏನೂ ಇಲ್ಲ. ನನ್ನ ಹತ್ತಿರ ಬೀಟೆಯ ಊರುಗೋಲೊಂದಿದೆ, ಹಿಡಿಗೆ ಗಿಳಿಯ ತಲೆ, ಕೊಕ್ಕಿನ ಕೆಳಗೆ ಹೆಬ್ಬೆರಳು ಕೂತು ಕೂತು ಗರಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ಸೊರಬದ ಹತ್ತಿರದ ಹಳ್ಳಿಯ ಅಜ್ಜಿಯೊಬ್ಬರಿಂದ ಕೊಂಡದ್ದು. ‘ನಮ್ಮ ಮಾವನೋರು ಶಾನುಭೋಗಿಕೆಗೆ ಹೋಗೋವಾಗ ಇದನ್ನೇ ಹಿಡ್ಕಂಡು ಹೋಗ್ತಿದ್ರು, ಮಾಡಿದೋನು ಪೇಟೆ ಗುಡಿಗಾರ’ ಎಂದರು. ಅವರು ಹೇಳಿದ್ದನ್ನು ಅಲ್ಲೇ ಜಗುಲಿಯಲ್ಲಿ ಕೂತು ಬರೆದು, ಅವರ ಸಹಿ ಹಾಕಿಸಿ, ತಾರೀಖು ನಮೂದಿಸಿದೆ. ಮಾರಲು ಹೋದರೆ ಆ ಕಾಗದಕ್ಕೆ ಗಿಳಿಗಿಂತ ಹೆಚ್ಚು ಬೆಲೆ ಬಂದರೂ ಆಶ್ಚರ್ಯವಿಲ್ಲ.

ಉತ್ಪ್ರೇಕ್ಷೆ ಅನ್ನಿಸಿದರೆ ಟಿಪ್ಪುವಿನ ಶಯನಾಗಾರದ ಕತ್ತಿಯನ್ನು ನೆನೆಯಿರಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಕೆಲಸ ಅದ್ಭುತವೇ, ಅನುಮಾನವಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನ್ಯವು ಅದನ್ನು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟಿತು ಎಂಬ ದಾಖಲೆ ಜೊತೆಗಿಲ್ಲದಿದ್ದರೆ ಅಷ್ಟು ದುಡ್ಡು ಯಾರು ಸುರಿಯುತ್ತಿದ್ದರು? ಲೂಟಿ ಹೊಡೆದವರು ಕೂಡ ಎಲ್ಲಿಂದ ಹೊಡೆದದ್ದು ಎಂದು ಬರೆದಿಟ್ಟಿದ್ದಾರೆ. ಸ್ವಂತ ಮನೆಯ ಸಾಮಾನು ಮಾರುವ ನಾವು ಬರೆಯುವುದಿಲ್ಲ.

ಪೀಠೋಪಕರಣದ ಮಾತು ಬೇಗ ಮುಗಿಸುತ್ತೇನೆ, ಮರಗೆಲಸದವನ ಸಿಟ್ಟು ಉದ್ದವಾದೀತು. ‘ನೂರೈವತ್ತು ವರ್ಷದ್ದು’ ಎಂದು ತೋರಿಸುವ ಆರಾಮ ಕುರ್ಚಿಯ ತಳಭಾಗ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹಳೇ ದುಂಡು ಮೇಜಿನ ಹಲಗೆಯನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಮರ ನಾರಿನ ಅಡ್ಡಕ್ಕೆ ಸೊರಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ, ಹಾಗಾಗಿ ನಿಜವಾದ ಹಳೇ ಮೇಜು ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹತ್ತಿಗೆ ಸ್ಪಿರಿಟ್ ತಾಗಿಸಿ ಕಾಣದ ಕಡೆ ಒರೆಸಿದರೆ ಅರಗಿನ ಪಾಲಿಶ್ ಅಂಟಂಟಾಗಿ ಹತ್ತಿಗೆ ಬರುತ್ತದೆ, ಈಗಿನ ಕಾಲದ ಮೆಲಮೈನ್ ಪಾಲಿಶ್ ಜಗ್ಗುವುದಿಲ್ಲ. ರಿಪೇರಿ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮುರಿದ ಕಾಲನ್ನು ಬದಲಿಸಲೇಬೇಕು, ಬೆತ್ತದ ಹೆಣಿಗೆ ಕಿತ್ತುಹೋದರೆ ಹೊಸದಾಗಿ ಹೆಣೆಯಲೇಬೇಕು. ಬದಲಿಸಿದ್ದನ್ನು ಬದಲಿಸಿದ್ದೇವೆ ಎಂದು ಹೇಳಲು ಏನು ಕಷ್ಟ?

1972ರ ಪ್ರಾಚ್ಯವಸ್ತು ಕಾಯ್ದೆ ಇದೆಯಲ್ಲ ಎನ್ನಬಹುದು. ಅದು ನೂರು ವರ್ಷ ದಾಟಿದ್ದನ್ನು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ, ವ್ಯಾಪಾರಿಗೆ ಲೈಸೆನ್ಸ್ ಬೇಕೆನ್ನುತ್ತದೆ. ತೊಂಬತ್ತು ವರ್ಷದ ತೂಗುಮಂಚಕ್ಕೆ ಅದರ ಕಾವಲಿಲ್ಲ. ಮಲೆನಾಡಿನ ಮನೆಗಳಿಂದ ಲಾರಿಗೇರುವುದರಲ್ಲಿ ಬಹುಪಾಲು ಇಂಥದ್ದೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪರಂಪರೆಯ ಗ್ರಾಮ ನೋಡಿದವರಿಗೆ ಗೊತ್ತಿರುತ್ತದೆ: ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳಲ್ಲಿ ಒಂದು ಕುಂಜೂರು ಚೌಕಿಮನೆ, ಇನ್ನೊಂದು ಕುಕನೂರಿನ ಕಮಲ ಮಹಲ್. ಊರಿನ ಹೆಸರು ಉಳಿದುಬಂದಿದೆ. ಹರಾಜಿನವರಿಂದ ಅಷ್ಟು ದೊಡ್ಡ ಕೆಲಸ ಯಾರೂ ಕೇಳುತ್ತಿಲ್ಲ. ಹರಾಜಿಗಿಟ್ಟ ಪ್ರತಿ ಸಾಮಾನಿನ ಜೊತೆ ಅಂಗೈಯಗಲದ ಒಂದು ಕಾಗದ ಸಾಕು. ಯಾವ ಮರ, ಹಿಡಿ ಅಥವಾ ಕುಸುರಿ ಯಾವುದರದ್ದು, ಯಾವ ತಾಲ್ಲೂಕಿನಿಂದ ಬಂತು, ಏನೇನು ಹೊಸತು, ಕೆಳಗೆ ಮಳಿಗೆಯ ಮೊಹರು. ಮಾರಿದವರ ಹೆಸರು ಗುಟ್ಟಾಗಿರಲಿ, ತಾಲ್ಲೂಕು ಹೇಳಿದರೆ ಯಾರ ಮಾನವೂ ಹೋಗದು. ಕೊಳ್ಳುವವರಿಂದ ಕಮಿಷನ್ ವಸೂಲು ಮಾಡುತ್ತಾರಲ್ಲ, ಅದರಲ್ಲೇ ಈ ಖರ್ಚು ಹೋಗಲಿ.

ಸರ್ಕಾರವೂ ಒಂದು ಕೆಲಸ ಮಾಡಬಹುದು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಂಥ ಕಡೆ ತಿಂಗಳಿಗೊಂದು ದಿನ ಜನ ತಮ್ಮ ಹಳೇ ಸಾಮಾನು ತಂದು ತೋರಿಸುವಂತಾಗಲಿ. ಬಲ್ಲವರೊಬ್ಬರು ನೋಡಿ ದಂತವೋ ಮೂಳೆಯೋ, ಬೀಟೆಯೋ ಬಣ್ಣ ಹಚ್ಚಿದ ಕಾಡುಮರವೋ ಎಂದು ಬರೆದುಕೊಡಲಿ. ಬೆಲೆ ಕಟ್ಟುವುದು ಬೇಡ, ಕಟ್ಟಿದರೆ ದಲ್ಲಾಳಿಗಳು ಬಾಗಿಲಲ್ಲೇ ಬೀಡುಬಿಡುತ್ತಾರೆ.

ಅಲ್ಲಿಯವರೆಗೆ, ಮನೆ ಕೆಡವಿ ಸಾಮಾನು ಮಾರಲು ಹೊರಟವರು ಲಾರಿ ಬರುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆದಿಡಿ. ಒಂದು ಸಾಮಾನು ಇದ್ದ ಜಾಗದಲ್ಲಿ, ಇನ್ನೊಂದು ಅದರ ತಳಭಾಗದ್ದು. ಅದನ್ನು ಬಳಸಿದ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿ.

ಇಂತಿ,
ಒಬ್ಬ ನಿವೃತ್ತ ಮರಗೆಲಸದ ಮೇಷ್ಟ್ರು, ಸಾಗರ